ಹಳೆ ವಿದ್ಯಾರ್ಥಿಗಳ ಸನ್ಮಾನಕ್ಕೆ ಬಿನ್ನವತ್ತಳೆ ಬರೆಯಬೇಕು, ಏನು ಬರೆಯಲಿ?

ಕೊನೇ ಬೆಂಚು 88:
ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು. ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದವರು ಮುಂದಿನ ತಿಂಗಳು ಮೂವರಿಗೆ ಸನ್ಮಾನ ಮಾಡುತ್ತಿದ್ದಾರೆ. ಮೂವರೂ ಬಿ.ಎಸ್‌ಸಿ. ಓದಿದ್ದು ಇಲ್ಲೇ. ಒಬ್ಬರು ಉಪಗ್ರಹಗಳ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬರು ಪೀಣ್ಯದಲ್ಲಿ ಗೇಜ್ (ಅಳತೆ ಸರಿ ಇದೆಯಾ ಅಂತ ನೋಡುವ ಉಪಕರಣ) ತಯಾರಿಸುವ ಸಣ್ಣ ಕಾರ್ಖಾನೆ ನಡೆಸುವ ಮೇಡಂ. ಮೂರನೆಯವರು ಪಾವಗಡದ ಕಡೆ ಹೈಸ್ಕೂಲಿನಲ್ಲಿ 30 ವರ್ಷ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮಾದರಿಗೆ ಇರಲಿ ಅಂತ ಹಳೆಯ ಫೈಲ್ ತೆಗೆದು ನೋಡಿದೆ. 14 ಬಿನ್ನವತ್ತಳೆ ಸಿಕ್ಕಿದವು. ಅದರಲ್ಲಿ 11ಕ್ಕೆ ಮೊದಲ ಸಾಲು ಒಂದೇ. "ಬಹುಮುಖ ಪ್ರತಿಭೆಯ, ಸರಳ ಸಜ್ಜನಿಕೆಯ, ಮೃದು ಹೃದಯದ..." ಅಂತ. ಹೆಸರಿನ ಮೇಲೆ ಕೈ ಇಟ್ಟುಕೊಂಡು ಓದಿದರೆ ಯಾರದ್ದು ಅಂತ ಗೊತ್ತಾಗುವುದೇ ಇಲ್ಲ. ಅಧಿಕಾರಿಗೂ ಅದೇ, ಉದ್ಯಮಿಗೂ ಅದೇ, ಸಂಗೀತಗಾರರಿಗೂ ಅದೇ. ಒಬ್ಬರ ಇಡೀ ದುಡಿಮೆಯ ಬಗ್ಗೆ ಕಾಲೇಜು ಹೇಳುವುದು ಇದೊಂದೇ ಪುಟ. ಅದು ಗಾಜು ಹಾಕಿಸಿಕೊಂಡು ಅವರ ಮನೆ ಗೋಡೆ ಮೇಲೆ ಇರುತ್ತದೆ. ಮೊಮ್ಮಕ್ಕಳು ಓದುತ್ತಾರೆ. ಅದರಲ್ಲಿ ಅವರು ಏನು ಮಾಡಿದರು ಅಂತಾದರೂ ಇರಬೇಕಲ್ವಾ? ನೀವಾದರೆ ಹೇಗೆ ಬರೆಯುತ್ತೀರಿ?

ಗಂಗೋತ್ರಿಯ ಹಕ್ಕಿ:
ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಮೈಸೂರಿನವಳು, ಕನ್ನಡ ಪಾಠ ಮಾಡಿ ನಿವೃತ್ತಳಾದೆ. ಇಂಥ ಬಿನ್ನವತ್ತಳೆಗಳನ್ನು ನಾನೇ ಇಪ್ಪತ್ತೋ ಇಪ್ಪತ್ತೈದೋ ಬರೆದಿದ್ದೇನೆ. ಈಗ ಮತ್ತೆ ಬರೆಯುವುದಾದರೆ ಒಂದು ಬದಲಾವಣೆ ಮಾಡುತ್ತೇನೆ. ಅವರು ಎಲ್ಲಿ ಎಡವಿದರು ಅನ್ನುವುದನ್ನೂ ಸೇರಿಸುತ್ತೇನೆ.

ನಮ್ಮ ಮೈಸೂರು ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವವರು ಆರ್.ಕೆ. ನಾರಾಯಣ್. ಅವರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲೇ ಫೇಲಾದರು. ಅವರ ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ ಮಗ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತರೆ ಆಗಿನ ಕಾಲದಲ್ಲಿ ಬೀದಿಯವರೆಲ್ಲ ಏನಂದಿರಬೇಕು! ಆ ವರ್ಷ ಅವರು ಓದಿದರು, ಬರೆದರು. ಆಮೇಲೆ ಮಹಾರಾಜ ಕಾಲೇಜು ಸೇರಿದರು. ಮೂರು ವರ್ಷದ ಬಿ.ಎ. ಮುಗಿಸಲು ನಾಲ್ಕು ವರ್ಷ ತೆಗೆದುಕೊಂಡರು. 1930ರಲ್ಲಿ ಪದವಿ ಬಂತು. 1964ರಲ್ಲಿ ಪದ್ಮಭೂಷಣ. 1986ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನವಾದಾಗ ಅವರ ಮೊದಲ ಭಾಷಣ ಯಾವುದರ ಬಗ್ಗೆ ಗೊತ್ತಾ? ಶಾಲೆ ಮಕ್ಕಳ ಬ್ಯಾಗಿನ ಭಾರದ ಬಗ್ಗೆ. ಬರೀ ಪದ್ಮಭೂಷಣ ಅಂತ ಬರೆದರೆ ಆ ಭಾಷಣ ಎಲ್ಲಿಂದ ಬಂತು ಅಂತ ಹೇಗೆ ತಿಳಿಯಬೇಕು?

ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದ್ದೂ ಹೀಗೇ. ಬೊಂಬಾಯಿಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣಲಿಲ್ಲ ಅಂದರು. ಅವರು ಮೈಸೂರಿನಲ್ಲೇ ಬಿ.ಎ. ಮಾಡಿದರು. ಎಷ್ಟೋ ವರ್ಷದ ಮೇಲೆ ಅದೇ ಕಲಾಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು.

ಶಿವಮೊಗ್ಗ ಫಾಸ್ಟ್ ಪ್ಯಾಸೆಂಜರ್:
ಮೇಡಂ, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಒಪ್ಪಲಾರೆ. ಸನ್ಮಾನ ಅಂದರೆ ಶುಭ ಕಾರ್ಯ. ಹೆಂಡತಿ, ಮಕ್ಕಳು, ಬೀಗರು ಎಲ್ಲ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಪೇಟ ಇಟ್ಟು, ಶಾಲು ಹೊದಿಸಿ, ಆಮೇಲೆ ಮೈಕಿನಲ್ಲಿ "ಇವರು 1979ರಲ್ಲಿ ಫೇಲಾದರು" ಅಂತ ಓದಿದರೆ ಚೆನ್ನಾಗಿರುತ್ತಾ? ನಾರಾಯಣ್ ತಮ್ಮ ಕಥೆಯನ್ನು ತಾವೇ ಬರೆದುಕೊಂಡರು, ಅದು ಬೇರೆ. ನಾವು ಇನ್ನೊಬ್ಬರ ಬಗ್ಗೆ ಹೇಳುವುದು ಬೇರೆ.

ಕೊನೇ ಬೆಂಚು 88:
ನೀವು ಹೇಳಿದ್ದು ಸರಿ ಸರ್. ಅವರನ್ನು ಕೇಳದೆ ಹಾಕುವುದಿಲ್ಲ. ಕೇಳಿ, ಬೇಡ ಅಂದರೆ ಬಿಡುತ್ತೇನೆ. ಆದರೆ ಇದುವರೆಗೆ ಯಾರೂ ಕೇಳಿಯೇ ಇಲ್ಲ ಅನ್ನುವುದು ನನ್ನ ಅನುಮಾನ. ಬಯೋಡೇಟಾ ತರಿಸಿಕೊಂಡು ಅದನ್ನೇ ಅಂದವಾದ ಕನ್ನಡದಲ್ಲಿ ಬರೆದುಬಿಡುತ್ತೇವೆ.

ಗೌರಿಬಿದನೂರು ಮೇಷ್ಟ್ರು:
ನಾನು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ಒಂದು ಕಾಲೇಜಿನಲ್ಲಿ ಓದಿದ ಮೂವರಿಗೆ ಭಾರತ ರತ್ನ ಬಂದಿದೆ. ಇದು ಎಷ್ಟು ಜನಕ್ಕೆ ಗೊತ್ತು? 1954ರಲ್ಲಿ ಮೊದಲ ಸಲ ಕೊಟ್ಟಾಗಲೇ ರಾಜಾಜಿ. ಅವರು ಇಲ್ಲಿ ಬಿ.ಎ. ಮುಗಿಸಿದ್ದು 1894ರಲ್ಲಿ. ಮರುವರ್ಷ, 1955ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ. ಅವರ ಬಿ.ಎ. 1881ರದ್ದು. ಮೂರನೆಯವರು ಸಿ.ಎನ್.ಆರ್. ರಾವ್. 1951ರಲ್ಲಿ ಬಿ.ಎಸ್‌ಸಿ. ಮಾಡಿದಾಗ ಅವರಿಗೆ 17 ವರ್ಷ. ಪ್ರಶಸ್ತಿ ಕೈಗೆ ಬಂದದ್ದು 2014ರಲ್ಲಿ.

ಇನ್ನೊಂದು ವಿಷಯ ನೋಡಿ. ಮೊದಲ ಇಬ್ಬರ ಪದವಿ ಮದ್ರಾಸ್ ವಿಶ್ವವಿದ್ಯಾಲಯದ್ದು, ಯಾಕೆಂದರೆ ಆಗ ನಮ್ಮಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ರಾವ್ ಅವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಅದು ಶುರುವಾದದ್ದು 1916ರಲ್ಲಿ. 1964ರ ನಂತರ ಅದೇ ಕಟ್ಟಡ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯ ಆಯಿತು. ಕಲ್ಲಿನ ಗೋಡೆ ಅದೇ, ಪಾಠದ ಕೋಣೆ ಅದೇ, ಬೋರ್ಡು ಮಾತ್ರ ಬದಲಾಗುತ್ತಾ ಬಂತು. ಅದಕ್ಕೇ ಹಳೆ ವಿದ್ಯಾರ್ಥಿಗಳ ಪಟ್ಟಿ ಮಾಡುವಾಗ ಇವರು ಯಾರವರು ಅನ್ನುವ ಗೊಂದಲ ಯಾವಾಗಲೂ ಬರುತ್ತದೆ.

ನನಗೆ ಎಲ್ಲರಿಗಿಂತ ಹತ್ತಿರದವರು ನಮ್ಮ ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. 1935ರಲ್ಲಿ ಹೈಸ್ಕೂಲು ಓದಲು ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಬಸ್ಸಿಗೆ ಕೊಡಲು ಕಾಸಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿ ಬಂತು. ಓದು ಬಿಟ್ಟರು, ಜೈಲಿಗೆ ಹೋದರು. ವಾಪಸ್ ಬಂದು 1946ರಲ್ಲಿ ಎಂ.ಎಸ್‌ಸಿ. ಮುಗಿಸಿದರು. ಅಮೆರಿಕದ ಓಹಾಯೊದಲ್ಲಿ ಪಿಎಚ್.ಡಿ. ಮಾಡಿಕೊಂಡು ಬಂದು ಮತ್ತೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಸೇರಿದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1984ರಲ್ಲಿ ಪದ್ಮಭೂಷಣ. ಕೊನೆಯವರೆಗೂ ಇದ್ದದ್ದು ಹಾಸ್ಟೆಲಿನ ಒಂದು ರೂಮಿನಲ್ಲಿ. ಬಿನ್ನವತ್ತಳೆಯಲ್ಲಿ "ಸರಳ ಸಜ್ಜನಿಕೆ" ಅಂತ ಬರೆಯುತ್ತೀರಲ್ಲ, ಅದರ ಬದಲು "ಹಾಸ್ಟೆಲ್ ರೂಮಿನಲ್ಲಿದ್ದರು" ಅಂತ ಬರೆಯಿರಿ. ಓದುವವರಿಗೆ ಅಷ್ಟು ಸಾಕು.

ನಾಲ್ಕನೇ ಸೆಮ್:
ಮೇಷ್ಟ್ರೇ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಕೂಡ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅಂತ ನಮ್ಮಜ್ಜಿ ಹೇಳ್ತಾರೆ. ನಿಜಾನಾ?

ಗೌರಿಬಿದನೂರು ಮೇಷ್ಟ್ರು:
ನಿಜ ಮಗು. 1927ರಲ್ಲಿ ಸೇರಿದರು. ಭೌತಶಾಸ್ತ್ರ, ಗಣಿತ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಮಠದ ಉತ್ತರಾಧಿಕಾರಿ ಆಗಬೇಕಾಗಿ ಬಂತು. ಪದವಿ ಮುಗಿಯಲಿಲ್ಲ. ಆಮೇಲೆ ಅವರ ಮಠದಲ್ಲಿ ಊಟ ಮಾಡಿ ಓದಿದ ಮಕ್ಕಳು ಎಷ್ಟು ಸಾವಿರ ಅಂತ ತುಮಕೂರಿನ ಕಡೆಯವರನ್ನು ಕೇಳಬೇಕು. 1965ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನನ್ನ ಪ್ರಕಾರ ಪದವಿ ಮುಗಿಸದಿದ್ದರೂ ಅವರು ಹಳೆ ವಿದ್ಯಾರ್ಥಿಯೇ. ಆ ಕೋಣೆಯಲ್ಲಿ ಕೂತು ಪಾಠ ಕೇಳಿದ್ದಾರಲ್ಲ.

ಶಿವಮೊಗ್ಗ ಫಾಸ್ಟ್ ಪ್ಯಾಸೆಂಜರ್:
ಇದನ್ನು ಒಪ್ಪುತ್ತೇನೆ. ನಮ್ಮ ಸಂಘದ ನಿಯಮದಲ್ಲಿ "ಪದವಿ ಪಡೆದವರು" ಅಂತ ಇದೆ. "ಓದಿದವರು" ಅಂತ ತಿದ್ದಿಸಬೇಕು.

ಧಾರವಾಡದ ಮಳೆ:
ನಮ್ಮ ಕಡೆಯದ್ದೂ ಸ್ವಲ್ಪ ಕೇಳ್ರಿ. ಗಿರೀಶ ಕಾರ್ನಾಡರು 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಬಿ.ಎ. ಮಾಡಿದರು. ಓದಿದ್ದು ಗಣಿತ, ಸಂಖ್ಯಾಶಾಸ್ತ್ರ. ಅಲ್ಲಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದರು. 1998ರಲ್ಲಿ ಜ್ಞಾನಪೀಠ ಬಂತು. ಕಂಬಾರರು ಇಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಅವರಿಗೂ ಜ್ಞಾನಪೀಠ ಬಂತು.

ಆದರೆ ನನಗೆ ಹೇಳಬೇಕಾದದ್ದು ಸುಧಾ ಮೂರ್ತಿಯವರ ವಿಷಯ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದಾಗ ಅವರ ತರಗತಿಯಲ್ಲಿ ಬೇರೆ ಹುಡುಗಿಯರೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯವೂ ಇರಲಿಲ್ಲ ಅಂತ ಅವರೇ ಎಷ್ಟೋ ಕಡೆ ಹೇಳಿದ್ದಾರೆ. ಮುಂದೆ ಇನ್ಫೋಸಿಸ್ ಪ್ರತಿಷ್ಠಾನದಿಂದ ಅವರು ಸಾವಿರಾರು ಶೌಚಾಲಯ ಕಟ್ಟಿಸಿದರು. ಸನ್ಮಾನದ ದಿನ "ಸಮಾಜಸೇವಕಿ" ಅಂತ ಒಂದೇ ಶಬ್ದದಲ್ಲಿ ಮುಗಿಸಿದರೆ ಈ ಎರಡು ಮಾತು ಒಂದಕ್ಕೊಂದು ಕೂಡುವುದೇ ಇಲ್ಲ. ಕಾಲೇಜಿನವರು ಇಂಥದ್ದನ್ನು ಧೈರ್ಯ ಮಾಡಿ ಬರೆಯಬೇಕು. ತಮ್ಮಲ್ಲಿ ಆಗ ಏನು ಇರಲಿಲ್ಲ ಅನ್ನುವುದನ್ನೂ ಬರೆಯಬೇಕು.

ಫ್ರೀಮಾಂಟ್ ಅಕ್ಕ:
ಧಾರವಾಡದವರೇ, ನೀವು ಹೇಳಿದ್ದು ಓದಿ ಸುಮ್ನೆ ಕೂರಲು ಆಗಲಿಲ್ಲ. ಈ ಪಟ್ಟಿಗಳಲ್ಲಿ ಹೆಂಗಸರು ತುಂಬಾ ಕಡಿಮೆ. ನಾನು ಆಂಟೆನಾ ಕೆಲಸದಲ್ಲೇ 22 ವರ್ಷದಿಂದ ಇದ್ದೇನೆ. ರಾಜೇಶ್ವರಿ ಚಟರ್ಜಿ ಅವರ ಹೆಸರು ನನಗೆ ಗೊತ್ತಾದದ್ದು ಅಮೆರಿಕಕ್ಕೆ ಬಂದಮೇಲೆ! ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್‌ಸಿ. ಮಾಡಿ ಮಿಶಿಗನ್‌ಗೆ ಹೋದರು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಲು ಸೇರಿದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ಕ್ಷೇತ್ರ. ಅವರ ಕೈಕೆಳಗೆ 20 ಜನ ಪಿಎಚ್.ಡಿ. ಮಾಡಿದರು. ನಿವೃತ್ತಿಯಾದ ಮೇಲೆ ಹೆಣ್ಣುಮಕ್ಕಳ ವಿಷಯದಲ್ಲಿ ಕೆಲಸ ಮಾಡಿದರು. 2010ರಲ್ಲಿ ತೀರಿಕೊಂಡರು. ನಾನು ಓದುವಾಗ ಯಾರಾದರೂ ಒಬ್ಬರು ಈ ಹೆಸರು ಹೇಳಿದ್ದರೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಮನೆಯಿಂದ ಬರೀ ಏಳು ಕಿಲೋಮೀಟರ್.

ಹಣ ಕೊಟ್ಟವರಿಗೆ ಮಾತ್ರ ಸನ್ಮಾನ ಅಂತ ಬೇಸರ ಮಾಡಿಕೊಳ್ಳುವವರು ಇದ್ದಾರೆ. ನನಗೆ ಆ ಬೇಸರ ಇಲ್ಲ. ನಂದನ್ ನಿಲೇಕಣಿ ಐ.ಐ.ಟಿ. ಬಾಂಬೆಗೆ ಸೇರಿ 50 ವರ್ಷ ಆಯಿತು ಅಂತ 2023ರಲ್ಲಿ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೆ ಮುಂಚೆ ಕೊಟ್ಟದ್ದೂ ಸೇರಿದರೆ 400 ಕೋಟಿ. ಅದರಿಂದ ಲ್ಯಾಬ್ ಬೆಳೆದರೆ ಒಳ್ಳೆಯದೇ. ಆದರೆ 400 ಕೋಟಿ ಕೊಡಲಾಗದವರೂ ಏನೋ ಕೊಟ್ಟಿರುತ್ತಾರೆ. ಅದನ್ನು ಹುಡುಕಿ ಬರೆಯುವುದು ನಿಮ್ಮ ಕೆಲಸ, ಕೊನೇ ಬೆಂಚಿನವರೇ.

ಗಂಗೋತ್ರಿಯ ಹಕ್ಕಿ:
ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಪಾಠ ಹೇಳಿದವರ ಹೆಸರು ಬಿನ್ನವತ್ತಳೆಯಲ್ಲಿ ಇರಲೇಬೇಕು. ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜ ಕಾಲೇಜಿನಲ್ಲೇ ಅಧ್ಯಾಪಕರಾದರು. 1956ರಲ್ಲಿ ಓದಿದ ವಿಶ್ವವಿದ್ಯಾಲಯಕ್ಕೇ ಉಪಕುಲಪತಿ ಆದರು. ಅವರಿಗೆ ಬಂದ ಪ್ರಶಸ್ತಿಗಳನ್ನು ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಾರೆ. ಆದರೆ ಜ್ಞಾನಪೀಠ ಬಂದ ಆ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ತಮ್ಮ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಅಚ್ಚಾಗಿ ಬಂದದ್ದು 1949ರಲ್ಲಿ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಮೇಷ್ಟ್ರು ಹೋಗಿ ಹತ್ತು ವರ್ಷ ಆಗಿತ್ತು, ಆದರೂ ಶಿಷ್ಯ ಮರೆತಿರಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ಎಂ.ಎನ್. ಶ್ರೀನಿವಾಸ್ ಅವರನ್ನೂ ನೆನಪಿಸಿಕೊಳ್ಳಿ. ಅವರೂ ಮಹಾರಾಜ ಕಾಲೇಜಿನ ಬಿ.ಎ. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ 1948ರಲ್ಲಿ ಇದ್ದುಕೊಂಡು ಜನಜೀವನದ ಟಿಪ್ಪಣಿ ಮಾಡಿಕೊಂಡಿದ್ದರು. ವರ್ಷಗಟ್ಟಲೆ ಕೂತು ಅದನ್ನು ಜೋಡಿಸಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಬೆಂಕಿ ಬಿತ್ತು. ಯಾರೋ ಹಚ್ಚಿದ ಬೆಂಕಿ. ಜೋಡಿಸಿಟ್ಟಿದ್ದ ಟಿಪ್ಪಣಿಗಳೆಲ್ಲ ಸುಟ್ಟವು. ಅವರು ಕೂತು ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು. ಇವತ್ತಿಗೂ ಸಮಾಜಶಾಸ್ತ್ರ ಓದುವವರು ಆ ಪುಸ್ತಕ ಓದದೆ ಮುಂದೆ ಹೋಗುವುದಿಲ್ಲ. ಇಂಥವರನ್ನು "ಖ್ಯಾತ ಸಮಾಜಶಾಸ್ತ್ರಜ್ಞ" ಅಂತ ಎರಡು ಪದದಲ್ಲಿ ಪರಿಚಯ ಮಾಡಿದರೆ ಅನ್ಯಾಯ ಅಲ್ವಾ?

ನಾಲ್ಕನೇ ಸೆಮ್:
ನಾನೊಬ್ಬ ಈಗ ಓದುತ್ತಿರುವ ಹುಡುಗ. ನಮ್ಮ ಮಾತೂ ಕೇಳಿ. ನಮ್ಮ ಕಾಲೇಜಿನಲ್ಲಿ ಹೋದ ವರ್ಷ ಇಂಥದ್ದೇ ಕಾರ್ಯಕ್ರಮ ಇತ್ತು. ಅಟೆಂಡೆನ್ಸ್ ಕೊಡ್ತೀವಿ ಅಂತ ನಮ್ಮನ್ನು ಹಾಲ್‌ನಲ್ಲಿ ಕೂರಿಸಿದರು. ಉದ್ಘಾಟಕರು ಬರುವುದು ಎರಡು ಗಂಟೆ ತಡವಾಯಿತು. ಸನ್ಮಾನ ಆದವರಲ್ಲಿ ಒಬ್ಬರು ವೇದಿಕೆ ಮೇಲೆ ಕೂತು ಅಷ್ಟೂ ಹೊತ್ತು ನಮ್ಮನ್ನೇ ನೋಡ್ತಾ ಇದ್ದರು. ಅವರಿಗೆ ಮಾತಾಡಲು ಸಿಕ್ಕಿದ್ದು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಒಂದು ವಿಷಯ ಹೇಳಿದರು. ಡಿಗ್ರಿ ಮುಗಿದ ಮೇಲೆ ಹದಿನಾಲ್ಕು ತಿಂಗಳು ಕೆಲಸ ಸಿಗದೆ ಮೆಜೆಸ್ಟಿಕ್ ಹತ್ತಿರ ಒಂದು ಲಾಡ್ಜಿನಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ನಮ್ಮ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೆಲ್ಲ ತಲೆ ಎತ್ತಿದರು. ಅಷ್ಟರಲ್ಲಿ ಚೀಟಿ ಬಂತು, ಅವರು ಕೂತುಬಿಟ್ಟರು. ಉಳಿದದ್ದು ಕೇಳಬೇಕಿತ್ತು.

ನಮಗೆ ಬೇಕಾದದ್ದು ಅದೇ. ಮೊದಲ ಕೆಲಸ ಹೇಗೆ ಸಿಕ್ಕಿತು, ಮೊದಲ ಸಂಬಳ ಎಷ್ಟು, ಮನೆಯಲ್ಲಿ ಬೇಡ ಅಂದಾಗ ಏನು ಮಾಡಿದಿರಿ, ಇಷ್ಟೇ.

ಬಸವೇಶ್ವರನಗರ ಬೌಲರ್:
ಹುಡುಗ ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ಒಂದು ಸಣ್ಣ ಸೇರ್ಪಡೆ. 2017ರ ಜನವರಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ರಾಹುಲ್ ದ್ರಾವಿಡ್ ಅವರಿಗೆ ಗೌರವ ಡಾಕ್ಟರೇಟ್ ಕೊಡುತ್ತೇವೆ ಅಂದಿತು. ಅವರು ನಯವಾಗಿ ಬೇಡ ಅಂದರು. ಕ್ರೀಡೆಯ ವಿಷಯದಲ್ಲಿ ಸಂಶೋಧನೆ ಮಾಡಿ ಪಡೆಯಲು ಪ್ರಯತ್ನಿಸುತ್ತೇನೆ ಅಂದರು. ಪೇಪರಿನಲ್ಲಿ ಓದಿದಾಗ ಅವರ ಮೇಲೆ ಗೌರವ ಜಾಸ್ತಿ ಆಯಿತು. ವಿಶ್ವವಿದ್ಯಾಲಯದ ಪದವಿಗೆ ಅಷ್ಟು ಬೆಲೆ ಕೊಟ್ಟರಲ್ಲ ಅಂತ.

ಕೊನೇ ಬೆಂಚು 88:
ಎಲ್ಲರದ್ದೂ ಓದಿದೆ. ಒಂದು ವಾರ ಇಲ್ಲಿ ಬರಲಿಲ್ಲ, ಯಾಕೆಂದರೆ ಪೀಣ್ಯಕ್ಕೆ ಹೋಗಿದ್ದೆ. ಫೋನ್ ಮಾಡಿ, "ಮೇಡಂ, ಬಯೋಡೇಟಾ ಬೇಡ, ನಿಮ್ಮನ್ನೇ ನೋಡಬೇಕು" ಅಂದೆ. ಬನ್ನಿ ಅಂದರು.

ಮೊದಲು ಶೆಡ್ ತೋರಿಸಿದರು. ಒಳಗೆ ಒಂದು ಗಾಜಿನ ಕೋಣೆ. ಬಾಗಿಲ ಪಕ್ಕ ಥರ್ಮಾಮೀಟರ್, 20 ಡಿಗ್ರಿ ತೋರಿಸುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಗೇಜ್‌ಗಳನ್ನು ಅಳೆಯುವುದು ಅಲ್ಲೇ. ಯಾಕೆ ಇಷ್ಟು ತಣ್ಣಗೆ ಅಂತ ಕೇಳಿದೆ. ಆಗ ಕಥೆ ಹೇಳಿದರು.

ಶುರು ಮಾಡಿದ ವರ್ಷ ತಗಡಿನ ಶೆಡ್ ಅಂತೆ. ಏಪ್ರಿಲ್ ತಿಂಗಳು. ಮೊದಲ ದೊಡ್ಡ ಆರ್ಡರ್, 40 ಗೇಜ್. ಗ್ರೈಂಡಿಂಗ್ ಮುಗಿಸಿ, ಅಳೆದು, ಎಲ್ಲ ಸರಿ ಇದೆ ಅಂತ ಕಳಿಸಿದರು. ನಾಲ್ಕೇ ದಿನದಲ್ಲಿ 40ಕ್ಕೆ 40 ವಾಪಸ್ ಬಂದವು. ಅಳತೆ ಕಡಿಮೆ ಇದೆ ಅಂತ ಚೀಟಿ. ರಾತ್ರಿಯೆಲ್ಲ ಕೂತು ಮತ್ತೆ ಅಳೆದರು. ಬೆಳಗಿನ ಜಾವ ಅಳೆದರೆ ನಿಜವಾಗಿಯೂ ಕಡಿಮೆ. ಮಧ್ಯಾಹ್ನ ಅಳೆದಾಗ ಸರಿ ಇತ್ತು. ಆಗ ನೆನಪಾದದ್ದು ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬ್. ಕಂಬಿಯೊಳಗೆ ಹಬೆ ಬಿಟ್ಟು ಎಷ್ಟು ಉದ್ದವಾಗುತ್ತದೆ ಅಂತ ಅಳೆಯುವ ಪ್ರಯೋಗ. 100 ಮಿಲಿಮೀಟರಿನ ಉಕ್ಕಿನ ತುಂಡು 10 ಡಿಗ್ರಿ ಬಿಸಿಯಾದರೆ ಸುಮಾರು 11 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಗೇಜಿನ ಕೆಲಸದಲ್ಲಿ ಒಂದೆರಡು ಮೈಕ್ರಾನ್ ಹೋದರೂ ಮಾಲು ವಾಪಸ್ಸೇ. ಅಳತೆಗೆ 20 ಡಿಗ್ರಿ ಅಂತ ಜಗತ್ತೆಲ್ಲ ಇಟ್ಟುಕೊಂಡಿರುವುದೂ ಅದಕ್ಕೇ.

ಆಮೇಲೆ ಅವರೇ ಹೇಳಿದರು. "ಆ ಪ್ರಯೋಗದಲ್ಲೇ ನಾನು ಮೊದಲ ಸಲ ಪ್ರಾಕ್ಟಿಕಲ್ ಫೇಲಾದದ್ದು. ಎರಡನೇ ಸಲಕ್ಕೆ ನಮ್ಮ ಮೇಡಂ ರಜೆಯಲ್ಲಿ ಕಾಲೇಜಿಗೆ ಬಂದು ಆರು ಸಲ ಮಾಡಿಸಿದರು. ಬರೆಯುವುದಾದರೆ ಅದನ್ನು ಬರೆಯಿರಿ, ಅವರ ಹೆಸರು ಹಾಕಿ."

ಕರಡು ಹೀಗಿದೆ. ತಿದ್ದಿಕೊಡಿ:

"ನೀವು ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಲೋಹ ಹಿಗ್ಗುವ ಪ್ರಯೋಗವನ್ನು ಏಳು ಸಲ ಮಾಡಿದಿರಿ. ಮೊದಲ ಸಲ ಅನುತ್ತೀರ್ಣರಾದಿರಿ. ಉಳಿದ ಆರು ಸಲ ರಜೆಯ ದಿನಗಳಲ್ಲಿ ನಿಮ್ಮ ಅಧ್ಯಾಪಕಿ ಜೊತೆಗಿದ್ದರು. ಮುಂದೆ ನಿಮ್ಮ ಮೊದಲ 40 ಗೇಜ್‌ಗಳು ವಾಪಸ್ ಬಂದಾಗ ಆ ಪ್ರಯೋಗ ನಿಮ್ಮ ಕೈ ಹಿಡಿಯಿತು. ಇಂದು ನಿಮ್ಮ ಕಾರ್ಖಾನೆಯಲ್ಲಿ 26 ಜನ ದುಡಿಯುತ್ತಿದ್ದಾರೆ, ಅವರಲ್ಲಿ 17 ಜನ ಹೆಣ್ಣುಮಕ್ಕಳು."

ಅಧ್ಯಾಪಕಿಯವರ ಹೆಸರು ಕೊನೆಯ ಪ್ರತಿಯಲ್ಲಿ ಇರುತ್ತದೆ. ಅವರಿಗೂ ಕರೆಯೋಲೆ ಹೋಗಿದೆ. 84 ವರ್ಷ, ಮಗಳ ಜೊತೆ ಬರುತ್ತೇನೆ ಅಂದಿದ್ದಾರೆ.

ಗಂಗೋತ್ರಿಯ ಹಕ್ಕಿ:
"ಅನುತ್ತೀರ್ಣರಾದಿರಿ" ಬೇಡ. ಅದು ಅಂಕಪಟ್ಟಿಯ ಮಾತು. ಅವರು ಹೇಳಿದ ಹಾಗೇ "ಫೇಲಾದಿರಿ" ಅಂತ ಬರೆಯಿರಿ. ಉಳಿದದ್ದು ಮುಟ್ಟಬೇಡಿ.

ಶಿವಮೊಗ್ಗ ಫಾಸ್ಟ್ ಪ್ಯಾಸೆಂಜರ್:
ನಾನು ಮೊದಲು ಬೇಡ ಅಂದಿದ್ದೆ. ಇದನ್ನು ಓದಿದ ಮೇಲೆ ಇರಲಿ ಅನಿಸುತ್ತಿದೆ. ಒಂದೇ ಕೋರಿಕೆ. ಓದುವವರು ನಿಧಾನವಾಗಿ ಓದಲಿ.

ನಾಲ್ಕನೇ ಸೆಮ್:
ಸರ್, ಆ ಲ್ಯಾಬಿನಲ್ಲೇ ಮೇಡಂ ಅವರನ್ನು ಒಂದು ಗಂಟೆ ಕೂರಿಸಲು ಆಗುತ್ತಾ? ಬೇರೆ ಕಾಲೇಜಿನವನು ಬರಬಹುದಾ?

ಕೊನೇ ಬೆಂಚು 88:
ಬಾರಪ್ಪ, ಧಾರಾಳವಾಗಿ ಬಾ. ಸಭೆ ಹನ್ನೊಂದಕ್ಕೆ. ಲ್ಯಾಬ್ ಒಂಬತ್ತೂವರೆಗೇ ತೆಗೆಸುತ್ತೇನೆ. ಹಬೆಯ ಬಾಯ್ಲರ್ ಇನ್ನೂ ಇದೆ ಅಂತ ಅಟೆಂಡರ್ ಹೇಳಿದರು, ಪೈಪ್ ಮಾತ್ರ ಹೊಸದು ತರಬೇಕು.

ಹಕ್ಕಿ ಮೇಡಂ, ಪದ ಬದಲಿಸಿದೆ. ಫ್ರೇಮಿನ ಅಂಗಡಿಯವರು ಗುರುವಾರದೊಳಗೆ ಮೂರೂ ಕೊಡಿ ಅಂದಿದ್ದಾರೆ. ಉಪಗ್ರಹದ ಸರ್ ನಾಳೆ ಸಿಗುತ್ತಾರೆ. ಪಾವಗಡಕ್ಕೆ ಭಾನುವಾರ ಹೋಗುತ್ತಿದ್ದೇನೆ. ಆ ಮೇಷ್ಟ್ರು ಫೋನಿನಲ್ಲಿ "ನನ್ನದೇನಿದೆ ಬರೆಯಲು" ಅಂದರು.

ಗೌರಿಬಿದನೂರು ಮೇಷ್ಟ್ರು:
ನಾನೂ ಬರುತ್ತೇನೆ. ಮಧುಗಿರಿಯಲ್ಲಿ ಹತ್ತಿಸಿಕೊಳ್ಳಿ. ಅವರ ಹಳೆಯ ಹಾಜರಿ ಪುಸ್ತಕ ಸ್ಕೂಲಿನಲ್ಲಿ ಸಿಕ್ಕರೆ ಮೊದಲು ಅದನ್ನು ನೋಡೋಣ. ಬರೆಯಲು ಏನಿದೆ ಅಂತ ಅಲ್ಲಿ ಗೊತ್ತಾಗುತ್ತದೆ.